ಹೊಸ ವಿಯು3 ಸ್ಟೇಷನ್: ರಿಪೀಟರ್‌ನಲ್ಲಿ ಕರೆದರೆ ಯಾರೂ ಮಾತಾಡಿಸುವುದಿಲ್ಲ, ತೊಂದರೆ ಎಲ್ಲಿದೆ?

ಬಳ್ಳಾಪುರ_ಹೊಸಬ

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೋದ ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ಬಂದಿದೆ, ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು). ಸದ್ಯಕ್ಕೆ ಇರುವುದು ಬಾವೊಫೆಂಗ್ ಯುವಿ-5ಆರ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್), ಅದರ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾ. ಮನೆ ದೊಡ್ಡಬಳ್ಳಾಪುರದಲ್ಲಿ. ತಾರಸಿ ಮೇಲೆ ನಿಂತರೆ ಬೆಂಗಳೂರಿನ 2 ಮೀಟರ್ ಬ್ಯಾಂಡಿನ ರಿಪೀಟರ್ (ಬಂದ ಸಿಗ್ನಲನ್ನು ಎತ್ತರದಿಂದ ಮತ್ತೆ ಕಳಿಸುವ ಸ್ಟೇಷನ್) ಸ್ಪಷ್ಟವಾಗಿ ಕೇಳಿಸುತ್ತದೆ. ಬೆಳಗ್ಗೆ ನಾಲ್ಕೈದು ಜನ ಮಾತಾಡುತ್ತಿರುತ್ತಾರೆ, ಎಲ್ಲರೂ ಹಳೇ ಪರಿಚಯದವರು. ನಡುವೆ ನನ್ನ ಕಾಲ್‌ಸೈನ್ ಹೇಳಿದರೆ ಯಾರೂ ಓಗೊಡುವುದಿಲ್ಲ, ಅವರ ಮಾತು ಅವರದು. ರಿಪೀಟರ್ ಖಾಲಿ ಇದ್ದಾಗ ಸಿಕ್ಯೂ (ಯಾರಾದರೂ ಇದ್ದೀರಾ ಅನ್ನುವ ಕರೆ) ಕರೆದರೂ ಮೌನ.

ವಿಯು3 ಅಂದರೆ ಹಳಬರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಒಬ್ಬರು ಹೇಳಿದರು. ಅದು ನಿಜವೇ? ಅಥವಾ ನನ್ನ ಸೆಟ್ಟಿಂಗ್ ತಪ್ಪೇ? ಮಾತಿಗೆ ಸೇರಿಕೊಳ್ಳಲು ಏನಾದರೂ ಪದ್ಧತಿ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

---

ಟೇಲ್‌ಬೀಪ್

ನಮಸ್ಕಾರ, ಕಾಲ್‌ಸೈನ್ ಬಂದಿದ್ದಕ್ಕೆ ಅಭಿನಂದನೆ. ಜನರ ಮೇಲೆ ಬೇಸರ ಮಾಡಿಕೊಳ್ಳುವ ಮುಂಚೆ ನಿಮ್ಮ ದನಿ ಅವರಿಗೆ ತಲುಪಿತೇ ಅನ್ನುವುದನ್ನು ನೋಡೋಣ. ನೀವು ಬರೆದಿರುವುದನ್ನು ನೋಡಿದರೆ ರಿಪೀಟರ್ ತೆರೆದೇ ಇಲ್ಲ ಅನ್ನಿಸುತ್ತಿದೆ.

ಪರೀಕ್ಷೆ ಸುಲಭ. ರಿಪೀಟರ್ ಖಾಲಿ ಇದ್ದಾಗ ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿ, ಒಂದು ಸೆಕೆಂಡ್ ಬಿಟ್ಟು ಪೂರ್ತಿ ಕಾಲ್‌ಸೈನ್ ಹೇಳಿ, "ಟೆಸ್ಟಿಂಗ್" ಅಂತ ಸೇರಿಸಿ, ಕೈ ಬಿಡಿ. ರಿಪೀಟರ್ ತೆರೆದಿದ್ದರೆ ನೀವು ಬಿಟ್ಟ ಮೇಲೂ ಅದರ ಕ್ಯಾರಿಯರ್ (ದನಿಯಿಲ್ಲದ ಬರೀ ಸಿಗ್ನಲ್) ಸ್ವಲ್ಪ ಹೊತ್ತು ಉಳಿಯುತ್ತದೆ. ಹ್ಯಾಂಡಿಯ ದೀಪ ಕೆಂಪಿನಿಂದ ಹಸಿರಿಗೆ ಬಂದು ಒಂದೆರಡು ಸೆಕೆಂಡ್ ಉರಿದು, ಕೊನೆಗೆ "ಖಸ್" ಅಂತ ಆರುತ್ತದೆ. ಅದೇ ಟೇಲ್. ಕೆಂಪು ಆರಿದ ಕೂಡಲೇ ದೀಪವೇ ಇಲ್ಲ ಅಂದರೆ ನೀವು ಮಾತಾಡಿದ್ದು ಗೋಡೆಗೆ. ಕಾಲ್‌ಸೈನ್ ಹೇಳದೆ ಬರೀ ಪಿಟಿಟಿ ಒತ್ತಿ ಬಿಟ್ಟು ನೋಡುವ ಅಭ್ಯಾಸ ಬೇಡ. ಅದು ನಿಯಮಕ್ಕೂ ವಿರುದ್ಧ, ಕೇಳುವವರಿಗೂ ಕಿರಿಕಿರಿ.

ಟೇಲ್ ಬರದಿದ್ದರೆ ಯುವಿ-5ಆರ್‌ನಲ್ಲಿ ಈ ಮೆನುಗಳನ್ನು ನೋಡಿ. 25ನೇ ಮೆನು ಶಿಫ್ಟ್ ದಿಕ್ಕು: ಮೈನಸ್ ಇರಬೇಕು, ರಿಪೀಟರ್ ತಾನು ಕಳಿಸುವುದಕ್ಕಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ನಿಮ್ಮನ್ನು ಕೇಳುತ್ತದೆ. 26 ಆಫ್‌ಸೆಟ್: 000.600, ಅಂದರೆ 600 ಕಿಲೋಹರ್ಟ್ಸ್. 13 ನೀವು ಕಳಿಸುವ ಸಿಟಿಸಿಎಸ್‌ಎಸ್ ಟೋನ್, ಅಂದರೆ ದನಿಯ ಜೊತೆ ಹೋಗಿ ರಿಪೀಟರ್ ತೆರೆಯುವ ಸಣ್ಣ ಸ್ವರ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ರಿಪೀಟರ್‌ಗೆ ಟೋನ್ ಇಟ್ಟಿದ್ದರೆ ಅದು ಇಲ್ಲದ ಸಿಗ್ನಲ್ ಎಷ್ಟೇ ಬಲವಾಗಿ ಬಂದರೂ ಅದು ತೆರೆಯುವುದಿಲ್ಲ. ಯಾವ ಟೋನ್ ಅಂತ ರಿಪೀಟರ್ ನಡೆಸುವ ಕ್ಲಬ್ಬನ್ನೇ ಕೇಳಿ. ಹಳೇ ಪಟ್ಟಿಗಳನ್ನು ನಂಬಬೇಡಿ, ಟೋನ್ ಬದಲಾಗುತ್ತಿರುತ್ತದೆ. 11ನೇ ಮೆನು ನೀವು ಕೇಳುವಾಗಿನ ಟೋನ್, ಅದನ್ನು ಆಫ್ ಇಡಿ. ತಪ್ಪು ಟೋನ್ ಕೂತಿದ್ದರೆ ಉತ್ತರ ಬಂದರೂ ನಿಮ್ಮ ಸ್ಪೀಕರ್ ತೆರೆಯುವುದಿಲ್ಲ. 5ನೇ ಮೆನು ವೈಡ್ ಇರಲಿ. ನ್ಯಾರೋ ಇಟ್ಟರೆ ಡೀವಿಯೇಷನ್ (ದನಿಗೆ ತಕ್ಕಂತೆ ಫ್ರೀಕ್ವೆನ್ಸಿ ಅಲುಗುವ ಅಳತೆ) ಕಡಿಮೆಯಾಗಿ ದನಿ ಪಿಸುಮಾತಿನ ಹಾಗೆ ಹೋಗುತ್ತದೆ, ಕಾರಿನಲ್ಲಿ ಕೇಳುತ್ತಿರುವವರಿಗೆ ಏನೂ ಅರ್ಥವಾಗುವುದಿಲ್ಲ. 7ನೇ ಮೆನು, ಟಿಡಿಆರ್, ಆಫ್ ಮಾಡಿ. ಅದು ಆನ್ ಇದ್ದರೆ ಪರದೆಯ ಇನ್ನೊಂದು ಸಾಲಿನಲ್ಲಿ ಸಿಗ್ನಲ್ ಬಂದ ಮೇಲೆ ನಿಮ್ಮ ಪಿಟಿಟಿ ಆ ಸಾಲಿನ ಫ್ರೀಕ್ವೆನ್ಸಿಯಲ್ಲೇ ಹೋಗುತ್ತದೆ. ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಮೌನ ಇರುವುದಕ್ಕೆ ಇದೂ ಒಂದು ಕಾರಣ. ಕೀಪ್ಯಾಡಿನಲ್ಲಿ ಚಾನೆಲ್ ಉಳಿಸಿದ್ದರೆ ಎರಡು ಸಲ ಉಳಿಸಬೇಕು: ಮೊದಲು ಕೇಳುವ ಫ್ರೀಕ್ವೆನ್ಸಿ, ಆಮೇಲೆ ಅದೇ ಚಾನೆಲ್‌ಗೆ ಕಳಿಸುವ ಫ್ರೀಕ್ವೆನ್ಸಿ. ಪ್ರೋಗ್ರಾಮಿಂಗ್ ಕೇಬಲ್ ಸಿಕ್ಕರೆ ಚಿರ್ಪ್ ತಂತ್ರಾಂಶದಲ್ಲಿ ಈ ತಲೆನೋವೇ ಇರುವುದಿಲ್ಲ.

ಇನ್ನು ದೂರ. "ನನಗೆ ಚೆನ್ನಾಗಿ ಕೇಳಿಸುತ್ತದೆ" ಅಂದಮಾತ್ರಕ್ಕೆ ನಿಮ್ಮ ಸಿಗ್ನಲ್ ಅಲ್ಲಿಗೆ ಮುಟ್ಟುತ್ತದೆ ಎಂದಲ್ಲ. ರಿಪೀಟರ್ 25 ವ್ಯಾಟ್ ಕಳಿಸುತ್ತಿದೆ ಅಂದುಕೊಳ್ಳಿ, ನಿಮ್ಮದು 4 ವ್ಯಾಟ್. ಅಲ್ಲೇ ಸುಮಾರು 8 ಡಿಬಿ ವ್ಯತ್ಯಾಸ. 2 ಮೀಟರ್ ಬ್ಯಾಂಡ್ ಸೇರುವ ವಿಹೆಚ್‌ಎಫ್‌ನಲ್ಲಿ ರೇಡಿಯೋ ದಿಗಂತದ (ಸಿಗ್ನಲ್ ನೇರವಾಗಿ ಮುಟ್ಟುವ ದೂರದ) ಅಂದಾಜು ಹೀಗೆ: ಎರಡೂ ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿ. ರಿಪೀಟರ್ ಆಂಟೆನಾ 60 ಮೀಟರ್ ಎತ್ತರದಲ್ಲಿದ್ದು ನೀವು ರಸ್ತೆಯಲ್ಲಿ ನಿಂತಿದ್ದರೆ ಸುಮಾರು 37 ಕಿ.ಮೀ. 10 ಮೀಟರ್ ತಾರಸಿ ಮೇಲೆ ಆಂಟೆನಾ ಇಟ್ಟರೆ 45 ಕಿ.ಮೀ. ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ನಡುಭಾಗಕ್ಕೆ ಹೆಚ್ಚುಕಡಿಮೆ 40 ಕಿ.ಮೀ. ಅಂದರೆ ನೀವು ಸರಿಯಾಗಿ ಅಂಚಿನಲ್ಲಿದ್ದೀರಿ. ರಬ್ಬರ್ ಆಂಟೆನಾ ನಂಬಿಕೊಂಡರೆ ಒಂದು ದಿನ ಆಗುತ್ತದೆ, ಇನ್ನೊಂದು ದಿನ ಆಗುವುದಿಲ್ಲ.

---

ಬಳ್ಳಾಪುರ_ಹೊಸಬ

ಟೇಲ್‌ಬೀಪ್ ಸರ್, ತುಂಬಾ ಥ್ಯಾಂಕ್ಸ್. ಶಿಫ್ಟ್, ಆಫ್‌ಸೆಟ್ ಸರಿ ಇತ್ತು. 13ರಲ್ಲಿ ಟೋನ್ ಆಫ್ ಇತ್ತು. ಕ್ಲಬ್ಬಿನಿಂದ ಟೋನ್ ತಿಳಿದುಕೊಂಡು ಹಾಕಿದ ಮೇಲೆ ತಾರಸಿಯ ದಕ್ಷಿಣ ಮೂಲೆಯಲ್ಲಿ ಟೇಲ್ ಬರುತ್ತಿದೆ. ಕೆಳಗೆ ಮನೆಯೊಳಗಿಂದ ಬರುವುದಿಲ್ಲ. ಈಗ ಸಿಕ್ಯೂ ಕರೆದರೆ ಟೇಲ್ ಬರುತ್ತದೆ, ಆದರೆ ಉತ್ತರ ಇನ್ನೂ ಇಲ್ಲ.

---

ನೆಟ್‌ಕಂಟ್ರೋಲ್

ರಿಪೀಟರ್ ಮೇಲೆ ಸಿಕ್ಯೂ ಕರೆಯುವ ರೂಢಿ ಇಲ್ಲ, ಅದು ದೂರದ ಮಾತಿನ ಹೆಚ್‌ಎಫ್ ಬ್ಯಾಂಡುಗಳದು. ರಿಪೀಟರ್‌ನಲ್ಲಿ ಸಿಕ್ಯೂ ಕೇಳಿದರೆ ಯಾರೋ ಇನ್ಯಾರನ್ನೋ ಹುಡುಕುತ್ತಿದ್ದಾರೆ ಅಂತ ಸುಮ್ಮನಾಗುವವರೇ ಹೆಚ್ಚು. "ರೇಡಿಯೋ ಚೆಕ್" ಅಂತ ಮಾತ್ರ ಹೇಳಿದರೂ ಅಷ್ಟೇ. ಕೆಲಸದ ನಡುವೆ ಒಂದು ಕಿವಿ ಇಟ್ಟು ಕೇಳುತ್ತಿರುವವರಿಗೆ ಉತ್ತರ ಕೊಡಲು ಒಂದು ಕಾರಣ ಬೇಕು. ಹೀಗೆ ಹೇಳಿ ನೋಡಿ: "ವಿಕ್ಟರ್ ಯೂನಿಫಾರ್ಮ್ ತ್ರೀ" ಅಂತ ಶುರು ಮಾಡಿ ನಿಮ್ಮ ಮೂರು ಅಕ್ಷರಗಳನ್ನು ಫೊನೆಟಿಕ್‌ನಲ್ಲಿ (ಅಕ್ಷರಕ್ಕೊಂದು ಪದದಂತೆ) ನಿಧಾನವಾಗಿ ಹೇಳಿ, "ಹೊಸ ಸ್ಟೇಷನ್, ದೊಡ್ಡಬಳ್ಳಾಪುರದಿಂದ, ಹ್ಯಾಂಡಿಯಲ್ಲಿ ಮಾತಾಡುತ್ತಿದ್ದೇನೆ, ಯಾರಾದರೂ ಸಿಗ್ನಲ್ ರಿಪೋರ್ಟ್ ಕೊಡುತ್ತೀರಾ?" ಕಾಲ್‌ಸೈನ್ ಇನ್ನೊಮ್ಮೆ ಹೇಳಿ ಬಿಡಿ. "ಹೊಸ ಸ್ಟೇಷನ್" ಅನ್ನುವುದನ್ನು ಮರೆಯಬೇಡಿ, ಅದನ್ನು ಕೇಳಿ ಸುಮ್ಮನಿರುವ ಹ್ಯಾಮ್ ಕಡಿಮೆ. ಕನ್ನಡದಲ್ಲೇ ಹೇಳಬಹುದು. ಕಾಲ್‌ಸೈನ್ ಮತ್ತು ರಿಪೋರ್ಟ್ ಮಾತ್ರ ಎಲ್ಲರಿಗೂ ತಿಳಿಯುವ ಫೊನೆಟಿಕ್‌ನಲ್ಲಿ, ಅಂಕಿಯಲ್ಲಿ ಇರಲಿ.

ನಡೆಯುತ್ತಿರುವ ಮಾತಿಗೆ ಸೇರುವುದು ಬೇರೆ ಕೆಲಸ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಪಿಟಿಟಿ ಒತ್ತಿದರೆ ಬಲವಾದ ಸಿಗ್ನಲ್ ಮಾತ್ರ ಉಳಿಯುತ್ತದೆ. 4 ವ್ಯಾಟಿನ ನಿಮ್ಮ ಹ್ಯಾಂಡಿ, ಊರೊಳಗಿನ 25 ಅಥವಾ 50 ವ್ಯಾಟ್ ಮೊಬೈಲ್ ರಿಗ್ಗಿನ (ವಾಹನದಲ್ಲಿಡುವ ಸೆಟ್ಟಿನ) ಕೆಳಗೆ ಪೂರ್ತಿ ಮುಚ್ಚಿಹೋಗುತ್ತದೆ. ಅವರು ನಿಮ್ಮನ್ನು ಕೇಳಿ ಬಿಟ್ಟಿದ್ದಲ್ಲ, ಕೇಳಿಸಿಯೇ ಇಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಒತ್ತುವ ನಡುವಿನ ಎರಡು ಮೂರು ಸೆಕೆಂಡಿನಲ್ಲಿ, ಟೇಲ್ ಇನ್ನೂ ಇರುವಾಗಲೇ, ಕಾಲ್‌ಸೈನ್ ಒಂದನ್ನೇ ಹೇಳಿ. ಕಥೆ ಬೇಡ, ನಮಸ್ಕಾರ ಬೇಡ. ಅವರು "ಗೋ ಅಹೆಡ್" ಅಂದ ಮೇಲೆ ಮಾತು. "ಬ್ರೇಕ್" ಅನ್ನುವುದನ್ನು ತುರ್ತಿಗೆ ಇಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಸುಲಭದ ಬಾಗಿಲು ನೆಟ್. ನಿಗದಿತ ಹೊತ್ತಿಗೆ ಒಬ್ಬರು ನೆಟ್ ಕಂಟ್ರೋಲ್ ಆಗಿ ಕೂತು ಚೆಕ್-ಇನ್ ತೆಗೆದುಕೊಳ್ಳುತ್ತಾರೆ; ನಿಮ್ಮ ಕಾಲ್‌ಸೈನ್ ಬರೆದುಕೊಳ್ಳುವುದೇ ಅವರ ಕೆಲಸ. ಮೊದಲ ದಿನ ಪೂರ್ತಿ ಬರೀ ಕೇಳಿ. ಯಾವ ಕ್ರಮದಲ್ಲಿ ಕರೆಯುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಮಾತಾಡುತ್ತಾರೆ ನೋಡಿ. ಮರುದಿನ ಚೆಕ್-ಇನ್ ಕೊಡಿ: ಕಾಲ್‌ಸೈನ್, ಹೆಸರು, ಊರು, ರಿಗ್, ಆಂಟೆನಾ. ಅರ್ಧ ನಿಮಿಷ ಸಾಕು. ನೆಟ್‌ನಲ್ಲಿ ದನಿ ಸ್ವಲ್ಪ ಬಿಗಿಯಾಗಿ ಕೇಳಿಸಬಹುದು, "ಕಾಪಿ, ನೆಕ್ಸ್ಟ್" ಅಂದುಬಿಡುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಆ ಶಿಸ್ತು ಇರುವುದು ತುರ್ತಿನ ದಿನಕ್ಕೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನ್‌ನಿಂದ ದೂರದೂರದ ಸ್ಟೇಷನ್‌ಗಳ ಜೊತೆ ಮಾತಾಡಲು ಹೋಗಿತ್ತು. 26ಕ್ಕೆ ಸುನಾಮಿ ಬಂದಾಗ ಅದೇ ಪೋರ್ಟ್‌ಬ್ಲೇರ್ ಸ್ಟೇಷನ್ ಮನೆಯವರ ಸುದ್ದಿ ಮುಟ್ಟಿಸುವ ಕೇಂದ್ರವಾಯಿತು. ಅಂಥ ಹೊತ್ತಿನಲ್ಲಿ ಚುಟುಕಾಗಿ, ಸರದಿಯಲ್ಲಿ ಮಾತಾಡುವ ಅಭ್ಯಾಸ ಮೊದಲೇ ಇದ್ದರೆ ಮಾತ್ರ ಕೆಲಸ ನಡೆಯುತ್ತದೆ.

ಲಾಗ್ ಬರೆಯುವುದನ್ನು ಇವತ್ತೇ ಶುರು ಮಾಡಿ. ದಿನ, ಸಮಯ, ಫ್ರೀಕ್ವೆನ್ಸಿ, ಅವರ ಕಾಲ್‌ಸೈನ್, ಕೊಟ್ಟ ರಿಪೋರ್ಟ್, ಬಂದ ರಿಪೋರ್ಟ್, ಹೆಸರು. ನಮ್ಮ ನಿಯಮದಲ್ಲಿ ಲಾಗ್ ಕಡ್ಡಾಯ. ಅದಕ್ಕಿಂತ ಹೆಚ್ಚಾಗಿ, ಎರಡನೇ ಸಲ ಸಿಕ್ಕಾಗ ನೀವು ಅವರ ಹೆಸರು ಹಿಡಿದು ಕರೆದರೆ ಪರಿಚಯ ಅಲ್ಲೇ ಅರ್ಧ ಆದ ಹಾಗೆ.

---

ಗ್ರೇಡ್ಎರಡು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಪೂರ್ತಿ ಭಾರವನ್ನು ಹೊಸಬರ ತಲೆಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಿಗ್ನಲ್ 5-9, ಅಂದರೆ ಬಲವಾಗಿ, ಸ್ಪಷ್ಟವಾಗಿ ಬಂದರೂ ಓಗೊಡದೆ ಕೂರುವವರು ಇದ್ದಾರೆ, ಅದನ್ನು ಮುಚ್ಚಿಡಬಾರದು.

ವಿಯು3 ವಿಷಯಕ್ಕೆ ಬರೋಣ. ಮೊದಲು ನಮ್ಮಲ್ಲಿ ಗ್ರೇಡ್ 1, ಗ್ರೇಡ್ 2, ಅಡ್ವಾನ್ಸ್ಡ್ ಅಂತೆಲ್ಲ ಇತ್ತು. ಗ್ರೇಡ್ 2ಕ್ಕೆ ಮೋರ್ಸ್ ನಿಮಿಷಕ್ಕೆ 5 ಪದ, ಗ್ರೇಡ್ 1ಕ್ಕೆ 12 ಪದ. 2009ರ ತಿದ್ದುಪಡಿ ಆದ ಮೇಲೆ ಜನರಲ್, ರಿಸ್ಟ್ರಿಕ್ಟೆಡ್ ಎರಡೇ ಉಳಿದವು. ಜನರಲ್‌ಗೆ 8 ಪದ, ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡ. ಆಗಿನಿಂದ "ಮೋರ್ಸ್ ಬರದವರು ಹ್ಯಾಮೇ?" ಅನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಅದು ಅನ್ಯಾಯ. ಮೋರ್ಸ್ ಒಳ್ಳೆಯದು, ಕಲಿಯಲೇಬೇಕು ಅನ್ನುವವನು ನಾನು. ಆದರೆ ನಿಯಮದಂತೆ ಪರೀಕ್ಷೆ ಪಾಸು ಮಾಡಿ, ಪೊಲೀಸ್ ವೆರಿಫಿಕೇಶನ್ ಮುಗಿಸಿ, ತಿಂಗಳುಗಟ್ಟಲೆ ಕಾದು ಕಾಲ್‌ಸೈನ್ ಪಡೆದವರು ಬ್ಯಾಂಡಿಗೆ ಬಂದ ದಿನ ನಾವು ಕೊಡಬೇಕಾದದ್ದು ಉತ್ತರ. ಸುಮಾರು ಜನ ಮೊದಲ ಕೆಲವು ವಾರದ ಮೌನಕ್ಕೇ ಸೋತು ಹ್ಯಾಂಡಿಯನ್ನು ಡ್ರಾಯರ್‌ಗೆ ಹಾಕಿಬಿಡುತ್ತಾರೆ.

ಕ್ಲಬ್ ನಡೆಸುವವರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ. ರಿಪೀಟರ್‌ನ ಫ್ರೀಕ್ವೆನ್ಸಿ, ಶಿಫ್ಟ್, ಟೋನ್, ನೆಟ್ ಹೊತ್ತು ಈ ನಾಲ್ಕನ್ನೂ ಪರೀಕ್ಷೆಗೆ ಬರುವವರ ಕೈಗೆ ಚೀಟಿಯಲ್ಲಿ ಬರೆದು ಕೊಡಿ. ಈ ಚರ್ಚೆಯಲ್ಲಿ ಪ್ರಶ್ನೆ ಕೇಳಿದವರು ಟೋನ್ ಗೊತ್ತಿಲ್ಲದೆ ಎಷ್ಟು ದಿನ ಕಾದರೋ. ವಾರಕ್ಕೊಂದು ನೆಟ್‌ನಲ್ಲಿ ಮೊದಲ ಹತ್ತು ನಿಮಿಷ ಹೊಸ ಸ್ಟೇಷನ್‌ಗಳಿಗೇ ಮೀಸಲಿಡಿ, ನೆಟ್ ಕಂಟ್ರೋಲ್ ಬಾಯಿಬಿಟ್ಟು "ಹೊಸಬರು ಯಾರಾದರೂ ಇದ್ದೀರಾ?" ಅಂತ ಕೇಳಿ ಹದಿನೈದು ಸೆಕೆಂಡ್ ಸುಮ್ಮನಿರಲಿ. ಹೊಸಬರಿಗೆ ಪಿಟಿಟಿ ಒತ್ತುವ ಧೈರ್ಯ ಬರಲು ಅಷ್ಟು ಹೊತ್ತು ಬೇಕೇ ಬೇಕು. ಎರಡು ಸೆಕೆಂಡಿಗೆ "ನೋ ನ್ಯೂ ಸ್ಟೇಷನ್ಸ್" ಅಂದರೆ ಬಾಗಿಲು ತೆಗೆದು ಮುಖಕ್ಕೆ ಹಾಕಿದ ಹಾಗೆ. ತಪ್ಪು ತಿದ್ದುವುದಿದ್ದರೆ ಗಾಳಿಯಲ್ಲಿ ನೂರು ಜನರ ಕಿವಿಗೆ ಬೀಳುವಂತೆ ಬೇಡ, ಫೋನ್ ಮಾಡಿ ಹೇಳಿ. ಹೆಣ್ಣುಮಕ್ಕಳ ದನಿ ಬಂದಾಗ ಒಮ್ಮೆಲೇ ಏಳೆಂಟು ಜನ ಮುಗಿಬಿದ್ದು "ಯಾವ ಊರು, ಯಾರ ಮಗಳು" ಅಂತ ಕೇಳುವುದೂ ನಿಲ್ಲಬೇಕು. ಅವರಿಗೂ ಬೇಕಾಗಿರುವುದು ರಿಪೋರ್ಟು, ಆಂಟೆನಾ ಮಾತು.

ಬಳ್ಳಾಪುರದವರೇ, ಗಾಳಿಯಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ 1959ರಿಂದ ಇದೆ, ಕಾಲ್‌ಸೈನ್ ವಿಯು2ಎಆರ್‌ಸಿ. ಇಸ್ರೋದವರ ಉಪಗ್ರಹ ಅಮೆಚೂರ್ ರೇಡಿಯೋ ಕ್ಲಬ್ ಇದೆ, ವಿಯು2ಯುಆರ್‌ಸಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಬೆಂಗಳೂರಿನಲ್ಲೇ ಇದೆ. ಒಂದು ಐಬಾಲ್‌ಗೆ, ಅಂದರೆ ಮುಖತಃ ಭೇಟಿಗೆ, ನಿಮ್ಮ ಹ್ಯಾಂಡಿ ಹಿಡಿದುಕೊಂಡು ಹೋಗಿ. ಬರಿಗೈಯಲ್ಲಿ ಹೋಗಿ ಮೂಲೆಯಲ್ಲಿ ನಿಲ್ಲುವುದಕ್ಕಿಂತ "ಇದರ ಡೀವಿಯೇಷನ್ ಸರಿ ಇದೆಯೇ ನೋಡಿಕೊಡುತ್ತೀರಾ?" ಅಂತ ಕೇಳಿದರೆ ಸುತ್ತ ಮೂವರು ಸೇರುತ್ತಾರೆ. ಆಮೇಲೆ ಗಾಳಿಯಲ್ಲಿ ನಿಮ್ಮ ದನಿ ಅವರಿಗೆ ಪರಿಚಿತ.

---

ಎಸ್‌ಡಬ್ಲ್ಯುಆರ್_ಒಂದೂವರೆ

ತಾರಸಿಯ ಒಂದೇ ಮೂಲೆಯಲ್ಲಿ ಟೇಲ್ ಬರುತ್ತದೆ ಅಂದಿದ್ದೀರಿ. ಹಾಗಾದರೆ ಗ್ರೌಂಡ್ ಪ್ಲೇನ್ ಆಂಟೆನಾ ಮಾಡಿಕೊಳ್ಳಿ, ಒಂದು ಸಂಜೆಯ ಕೆಲಸ.

ಬೇಕಾದದ್ದು: ನಾಲ್ಕು ತೂತಿನ ಎಸ್‌ಒ-239 ಚಾಸಿಸ್ ಸಾಕೆಟ್ ಒಂದು, 2 ಮಿ.ಮೀ. ದಪ್ಪದ ತಾಮ್ರದ ತಂತಿ ಮೂರು ಮೀಟರ್, 3 ಮಿ.ಮೀ. ಬೋಲ್ಟ್-ನಟ್ ನಾಲ್ಕು ಜೊತೆ. ಮಧ್ಯದ ಪಿನ್ನಿಗೆ 52 ಸೆಂ.ಮೀ. ತಂತಿ ನೇರ ಮೇಲಕ್ಕೆ ಬೆಸುಗೆ ಹಾಕಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು, 60 ವ್ಯಾಟ್ ಬೇಕು, ಇಲ್ಲದಿದ್ದರೆ ಬೆಸುಗೆ ಮೇಲೆ ಮೇಲೆ ಕೂತು ಗಾಳಿಗೆ ಬಿಟ್ಟುಕೊಳ್ಳುತ್ತದೆ. ನಾಲ್ಕು ರೇಡಿಯಲ್ (ಬುಡದಿಂದ ಸುತ್ತ ಹರಡುವ ತಂತಿ) 51 ಸೆಂ.ಮೀ. ಇರಲಿ, ಬೋಲ್ಟ್ ಹಾಕಿ 45 ಡಿಗ್ರಿ ಕೆಳಕ್ಕೆ ಬಾಗಿಸಿ. ರೇಡಿಯಲ್ ಅಡ್ಡಕ್ಕೆ ಚಪ್ಪಟೆ ಇದ್ದರೆ ಇಂಪಿಡೆನ್ಸ್ 36 ಓಮ್ ಹತ್ತಿರ. ಕೆಳಕ್ಕೆ ಬಾಗಿಸಿದಂತೆ 50ಕ್ಕೆ ಬರುತ್ತದೆ. ಆಮೇಲೆ ಮಧ್ಯದ ತಂತಿಯನ್ನು 3 ಮಿ.ಮೀ. ಲೆಕ್ಕದಲ್ಲಿ ಕತ್ತರಿಸುತ್ತಾ ಬನ್ನಿ. ಒಂದೊಂದು ಕತ್ತರಿಗೂ ರೆಸೊನೆನ್ಸ್ (ಆಂಟೆನಾ ಹೊಂದುವ ಫ್ರೀಕ್ವೆನ್ಸಿ) ಸುಮಾರು 0.9 ಮೆಗಾಹರ್ಟ್ಸ್ ಮೇಲೇರುತ್ತದೆ, ಕೊನೆಗೆ 49 ಸೆಂ.ಮೀ. ಆಸುಪಾಸು ನಿಲ್ಲುತ್ತದೆ. ಆಂಟೆನಾ ಅಳೆಯುವ ನ್ಯಾನೋವಿಎನ್‌ಎ ಕ್ಲಬ್ಬಿನಲ್ಲಿ ಯಾರ ಬಳಿಯಾದರೂ ಇರುತ್ತದೆ. ಕೇಬಲ್‌ನ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿಯೇ ಅಳೆಯಿರಿ. ಎರವಲು ಕೇಳುವುದೂ ಪರಿಚಯ ಬೆಳೆಸುವ ಒಂದು ದಾರಿ.

ಕೋಆಕ್ಸ್ (ಆಂಟೆನಾ ಕೇಬಲ್) ವಿಷಯದಲ್ಲಿ ಜಿಪುಣತನ ಬೇಡ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಮೀಟರಿಗೆ ಹತ್ತಿರ ಹತ್ತಿರ 0.2 ಡಿಬಿ ತಿನ್ನುತ್ತದೆ. 15 ಮೀಟರ್ ಎಳೆದರೆ 3 ಡಿಬಿ, ಅಂದರೆ ನಿಮ್ಮ 4 ವ್ಯಾಟಿನಲ್ಲಿ 2 ಮಾತ್ರ ಮೇಲೆ ತಲುಪುತ್ತದೆ. ಆರ್‌ಜಿ-213ರಲ್ಲಿ ನಷ್ಟ ಅದರ ಅರ್ಧಕ್ಕಿಂತ ಕಡಿಮೆ. ದಪ್ಪ ಕೇಬಲನ್ನು ನೇರ ಹ್ಯಾಂಡಿಗೆ ಜೋಡಿಸಿದರೆ ಎಸ್‌ಎಂಎ ಕನೆಕ್ಟರ್ ಮುರಿಯುತ್ತದೆ, ನಡುವೆ ಒಂದಡಿಯ ತೆಳ್ಳನೆ ಪಿಗ್‌ಟೇಲ್ ಹಾಕಿ. ಹೊರಗಿನ ಜೋಡಣೆಗೆ ಸೆಲ್ಫ್-ಅಮಾಲ್ಗಮೇಟಿಂಗ್ ಟೇಪ್ ಸುತ್ತಿ, ಮೇಲೆ ಮಾಮೂಲಿ ಟೇಪ್. ಮಳೆನೀರು ಕೋಆಕ್ಸಿನೊಳಗೆ ಇಳಿದರೆ ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ಮರಳಿ ಬರುತ್ತಿದೆ ಅನ್ನುವ ಅಳತೆ) ಕೆಡುವ ಬದಲು ಇನ್ನೂ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಪವರ್ ಎಲ್ಲ ಕೇಬಲಿನಲ್ಲೇ ಬಿಸಿಯಾಗಿ ಹೋಗುತ್ತಿರುತ್ತದೆ. ಮೀಟರ್ 1.1 ತೋರಿಸಿ ಯಾರಿಗೂ ಕೇಳಿಸದಿದ್ದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಇನ್ನೊಂದು: ಹೊಸ ಆಂಟೆನಾ ಹಾಕಿದ ಮೇಲೆ ರಿಪೀಟರ್ ಮುಂಚಿಗಿಂತ ಮಂಕಾಗಿ ಕೇಳಿಸಿದರೆ ಆಂಟೆನಾ ತಪ್ಪಲ್ಲ. ಯುವಿ-5ಆರ್‌ನ ರಿಸೀವರ್ ಎಫ್‌ಎಂ ಪ್ರಸಾರ ಕೇಂದ್ರಗಳ ಬಲಕ್ಕೆ ಉಸಿರುಗಟ್ಟುತ್ತದೆ.

ರಿಪೀಟರ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ನಿಮ್ಮ ಲೈಸೆನ್ಸಿನಲ್ಲಿ 40 ಮೀಟರ್ ಬ್ಯಾಂಡ್ ಇದೆ. ಹಗಲಿನಲ್ಲಿ 7.1 ಮೆಗಾಹರ್ಟ್ಸ್ ಆಸುಪಾಸು ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ ಎಲ್ಲ ಪಕ್ಕದ ಮನೆ. ಕತ್ತಲಾದ ಮೇಲೆ ಹತ್ತಿರದವರು ಮರೆಯಾಗಿ ದೂರದವರು ಬರುತ್ತಾರೆ. ಅಲ್ಲಿ ಸಿಕ್ಯೂ ಕರೆದರೆ ಓಗೊಡುವುದೇ ರೂಢಿ; ಹೊಸಬರಿಗೆ ರಿಪೀಟರ್‌ಗಿಂತ ಹೆಚ್ಚು ಸಲೀಸು ಅನ್ನುವುದು ನನ್ನ ಅಭಿಪ್ರಾಯ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಸರಣಿಯ ರಿಗ್ಗುಗಳು ಕಡಿಮೆ ಖರ್ಚಿನವು, ಸೆಕೆಂಡ್ ಹ್ಯಾಂಡ್ ಸಿಗುತ್ತಿರುತ್ತವೆ. ಅದರ ಏಳೆಂಟು ವ್ಯಾಟ್ ಎಸ್‌ಎಸ್‌ಬಿ (ಹೆಚ್‌ಎಫ್‌ನಲ್ಲಿ ದನಿ ಕಳಿಸುವ ವಿಧಾನ) ದಕ್ಷಿಣ ಭಾರತಕ್ಕೆ ಸಾಕು, ಆಂಟೆನಾ ಸರಿ ಇದ್ದರೆ.

ಈ ಬ್ಯಾಂಡಿಗೆ ಡೈಪೋಲ್ (ಎರಡು ಕಡೆಗೆ ಎಳೆದ ತಂತಿ ಆಂಟೆನಾ) ಲೆಕ್ಕ: 143 ಭಾಗಿಸು 7.1, ಒಟ್ಟು 20.1 ಮೀಟರ್, ಒಂದೊಂದು ಕಡೆ 10 ಮೀಟರ್ ಚಿಲ್ಲರೆ. ಮನೆ ವೈರಿಂಗಿನ 1.5 ಚದರ ಮಿ.ಮೀ. ತಂತಿ ನಡೆಯುತ್ತದೆ. 10.5 ಮೀಟರ್ ಕತ್ತರಿಸಿ, ಎರಡೂ ಕಡೆ ಸಮವಾಗಿ ಕಡಿಮೆ ಮಾಡುತ್ತಾ ಹೋಗಿ. ಕತ್ತರಿಸುವ ಬದಲು ಮಡಚಿ ಸುತ್ತಿದರೆ ತಪ್ಪಿದರೂ ಬಿಚ್ಚಬಹುದು. ಮಧ್ಯಭಾಗ ಎಂಟು ಮೀಟರ್ ಎತ್ತರಕ್ಕಿರಲಿ, ತುದಿಗಳು ಯಾರ ಕೈಗೂ ಸಿಗದ ಹಾಗೆ ಎರಡೂವರೆ ಮೀಟರ್ ಮೇಲೆ, ವಿದ್ಯುತ್ ತಂತಿಯಿಂದ ಪೂರ್ತಿ ದೂರ. ಫೀಡ್ ಪಾಯಿಂಟಿನ (ಕೇಬಲ್ ಸೇರುವ ಜಾಗದ) ಕೆಳಗೆ ಆರು ಮೀಟರ್ ಕೋಆಕ್ಸನ್ನು ಒಂದು ಗೇಣು ಅಗಲಕ್ಕೆ ಎಂಟು ಸುತ್ತು ಸುತ್ತಿ ಕಟ್ಟಿದರೆ ಚೋಕ್ (ಕೇಬಲಿನ ಹೊರಮೈಯಲ್ಲಿ ಸಿಗ್ನಲ್ ಮರಳದಂತೆ ತಡೆ) ಆಗುತ್ತದೆ. ಅದಿಲ್ಲದಿದ್ದರೆ ಮಾತಾಡುವಾಗ ಮೈಕ್ ಲೋಹ ಮುಟ್ಟಿದರೆ ಚುರುಕ್ ಅನ್ನುತ್ತದೆ, ದನಿಯೂ ಒಡೆಯುತ್ತದೆ.

ಹೆಚ್‌ಎಫ್‌ನಲ್ಲಿ ಉತ್ತರ ಬರದಿದ್ದಾಗ ಜನರನ್ನು ಕೇಳುವ ಮುಂಚೆ ನೀವೇ ನೋಡಿಕೊಳ್ಳಬಹುದು. ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿರುವ ಕಿವಿಎಸ್‌ಡಿಆರ್ (KiwiSDR) ರಿಸೀವರ್‌ಗಳಿವೆ. ಒಂದೆರಡು ನೂರು ಕಿ.ಮೀ. ದೂರದ್ದನ್ನು ಆರಿಸಿ, ನಿಮ್ಮ ಫ್ರೀಕ್ವೆನ್ಸಿ ಖಾಲಿ ಇದೆಯೇ ಕೇಳಿ, ಎಲ್‌ಎಸ್‌ಬಿ (40 ಮೀಟರ್‌ನಲ್ಲಿ ಬಳಸುವ ಎಸ್‌ಎಸ್‌ಬಿ) ಇಟ್ಟು ಕಾಲ್‌ಸೈನ್ ಹೇಳಿ. ಒಂದೆರಡು ಸೆಕೆಂಡ್ ತಡವಾಗಿ ನಿಮ್ಮ ದನಿ ನಿಮಗೇ ಕೇಳುತ್ತದೆ. ಅಲ್ಲಿ ಕೇಳಿಸಿ, ನಿಮ್ಮ ರಿಗ್ಗಿನಲ್ಲಿ ಮಾತ್ರ ಯಾರೂ ಸಿಗುತ್ತಿಲ್ಲ ಅಂದರೆ ತೊಂದರೆ ನಿಮ್ಮ ಮನೆಯ ಗದ್ದಲದ್ದು. ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್, ಯುಪಿಎಸ್ ಒಂದೊಂದಾಗಿ ಆರಿಸುತ್ತಾ ಎಸ್ ಮೀಟರ್ ನೋಡಿ. ಯಾವುದು ಆರಿದಾಗ ಮುಳ್ಳು ಬೀಳುತ್ತದೋ ಅದೇ ಕಳ್ಳ. ಉತ್ತರ ಕೊಟ್ಟವರು ಆ ಗದ್ದಲದ ಕೆಳಗೆ ಮುಚ್ಚಿಹೋಗಿರುತ್ತಾರೆ.

---

ಬಳ್ಳಾಪುರ_ಹೊಸಬ

ಎಲ್ಲರಿಗೂ ಕೃತಜ್ಞತೆ. ಸಾಕೆಟ್, ತಾಮ್ರದ ತಂತಿ ಎಸ್‌.ಪಿ. ರಸ್ತೆಯಲ್ಲಿ ತರುತ್ತೇನೆ. ಒಂದೇ ಅನುಮಾನ: ತಾರಸಿಯಿಂದ ರೂಮಿಗೆ 12 ಮೀಟರ್ ಕೇಬಲ್ ಬೇಕು. ಆರ್‌ಜಿ-58 ಈಗಾಗಲೇ ಕೈಯಲ್ಲಿದೆ, 213 ಕೊಳ್ಳಲೇಬೇಕೇ?

---

ಟೇಲ್‌ಬೀಪ್

ಸದ್ಯಕ್ಕೆ ಬೇಡ. 12 ಮೀಟರಿಗೆ 2.4 ಡಿಬಿ ಹೋಗುತ್ತದೆ, ಆದರೆ ರಬ್ಬರ್ ಆಂಟೆನಾ ಬಿಟ್ಟು ತಾರಸಿ ಮೇಲಿನ ಗ್ರೌಂಡ್ ಪ್ಲೇನಿಗೆ ಹೋದರೆ ಅದಕ್ಕಿಂತ ಹೆಚ್ಚೇ ಮರಳಿ ಬರುತ್ತದೆ. ಮೊದಲು ಇರುವ ಕೇಬಲ್ಲಿನಲ್ಲೇ ಕಟ್ಟಿ, ನೆಟ್‌ಗೆ ಚೆಕ್-ಇನ್ ಕೊಟ್ಟು, "ದನಿ ಪೂರ್ತಿ ಶುದ್ಧವೋ, ಹಿಂದೆ ಹಿಸ್ಸ್ ಇದೆಯೋ?" ಅಂತ ಕೇಳಿ. ಹಿಸ್ಸ್ ಇದೆ ಅಂದರೆ ಆಗ 213 ತನ್ನಿ. ಕಂಬವನ್ನು ದಕ್ಷಿಣ ಮೂಲೆಯಲ್ಲೇ ನಿಲ್ಲಿಸಿ, ನೀರಿನ ಟ್ಯಾಂಕಿನ ಹಿಂದೆ ಬೇಡ.